ಬ್ಲೋಟ್ ನಡೆಸುವ ಮುನ್ನ ಮತ್ತು ನಡೆಸುವಾಗ

ಕ್ರೈಸ್ತಮತಕ್ಕೆ ಮುಂಚೆ ಉತ್ತರ ಯುರೋಪಿನ ಜನ ಪೂಜಿಸುತ್ತಿದ್ದ ಓಡಿನ್, ಥಾರ್, ಫ್ರೇರ್ ಮೊದಲಾದ ದೇವತೆಗಳಿಗೆ ಆಹಾರ ಪಾನೀಯಗಳನ್ನು ಅರ್ಪಿಸುವ ಆಚರಣೆಗೆ ಅಲ್ಲಿನ ಹಳೆಯ ನಾರ್ಸ್ ಭಾಷೆಯಲ್ಲಿ ಬ್ಲೋಟ್ ಎಂದು ಹೆಸರು. ಅದನ್ನು ನಡೆಸಬಯಸುವವರು ಕೊಂಬಿನ ಪಾತ್ರೆಯನ್ನು ಕೊಳ್ಳುವ ಮೊದಲು ಆಧಾರಗ್ರಂಥಗಳನ್ನು ಓದಬೇಕು, ಓದುವಾಗ ಪ್ರತಿಯೊಂದನ್ನೂ ಬರೆದವರು ಯಾರು, ಯಾವಾಗ ಬರೆದರು ಎಂದು ಕೇಳಿಕೊಳ್ಳಬೇಕು. ಐಸ್‌ಲ್ಯಾಂಡ್ ಕ್ರೈಸ್ತಮತವನ್ನು ಸ್ವೀಕರಿಸಿದ್ದು ಸುಮಾರು 1000ದಲ್ಲಿ. ಆದರೆ ಈ ದೇವತೆಗಳ ಹಾಗೂ ವೀರರ ಕಥೆ ಹೇಳುವ ಎಡ್ಡಾ ಪದ್ಯಗಳ ಮುಖ್ಯ ಹಸ್ತಪ್ರತಿ ಸಿದ್ಧವಾದದ್ದು ಸುಮಾರು 1270ರಲ್ಲಿ. ಅವರ ಸಂಬಂಧಿಕರಾದ ಜರ್ಮನಿಕ್ ಬುಡಕಟ್ಟುಗಳ ಬಗ್ಗೆ ಕ್ರಿ.ಶ. 98ರಲ್ಲಿ ಬರೆದ ಟ್ಯಾಸಿಟಸ್ ರೋಮನ್ನನು, ಹೊರಗಿನವನು.

ಟಿಪ್ಪಣಿ ಪುಸ್ತಕದಲ್ಲಿ ಎರಡು ಅಂಕಣಗಳನ್ನು ಮಾಡಿ, ಒಂದರಲ್ಲಿ ಹಳೆಯ ಆಧಾರವಿರುವುದನ್ನೂ ಇನ್ನೊಂದರಲ್ಲಿ ಈಚೆಗೆ ಸೇರಿದ್ದನ್ನೂ ಬರೆದುಕೊಳ್ಳುವುದು ಒಳ್ಳೆಯದು. ನಾರ್ವೆಯ ಲಾಡೆಯಲ್ಲಿ ಬಲಿಯ ರಕ್ತವನ್ನು ಕಡ್ಡಿಗಳಿಂದ ಚಿಮುಕಿಸಿ, ಗೆಲುವಿಗಾಗಿ ಓಡಿನ್‌ನಿಗೆ, ಬೆಳೆ ಮತ್ತು ಶಾಂತಿಗಾಗಿ ನ್ಯೋರ್ಡ್ ಹಾಗೂ ಫ್ರೇರ್ ದೇವತೆಗಳಿಗೆ, ಕೊನೆಗೆ ಅಗಲಿದ ಬಂಧುಗಳ ನೆನಪಿಗೆ ಕುಡಿಯುತ್ತಿದ್ದರೆಂದು ಐಸ್‌ಲ್ಯಾಂಡಿನ ಲೇಖಕ ಸ್ನೋರಿ ಸ್ಟುರ್ಲುಸನ್ ವರ್ಣಿಸಿದ್ದಾನೆ. ಆತ 13ನೆಯ ಶತಮಾನದ ಕ್ರೈಸ್ತನಾದ್ದರಿಂದ ವಿದ್ವಾಂಸರು ಈ ವಿವರಗಳನ್ನು ಅನುಮಾನದಿಂದಲೇ ನೋಡುತ್ತಾರೆ. ಈ ಆಚರಣೆಯನ್ನು ಇಂದು ಮತ್ತೆ ನಡೆಸುವ ಹಲವು ಗುಂಪುಗಳು ಆರಂಭದಲ್ಲಿ ಥಾರ್‌ನ ಸುತ್ತಿಗೆಯ ಹೆಸರಿನಲ್ಲಿ ಮಾಡುವ ಸುತ್ತಿಗೆ ವಿಧಿಯಂತೂ 20ನೆಯ ಶತಮಾನದ್ದು. ಹೊಸದೆಂದು ಅದನ್ನು ಕೈಬಿಡಬೇಕಾಗಿಲ್ಲ, ಪುರಾತನವೆಂದು ಹೇಳಿಕೊಳ್ಳದಿದ್ದರೆ ಸಾಕು.

ಗುಂಪನ್ನು ಸೇರುವುದಾದರೆ ಅದರ ನಿಲುವನ್ನು ಮೊದಲೇ ವಿಚಾರಿಸಿ. ಈ ಜನರ ಪ್ರಾಚೀನ ಲಿಪಿಯಾದ ರೂನ್ ಅಕ್ಷರಗಳನ್ನು ನಾಜಿಗಳು ಬಳಸಿಕೊಂಡರು, ಇಂದಿಗೂ ಕೆಲವು ಗುಂಪುಗಳು ವಂಶ ನೋಡಿ ಸದಸ್ಯತ್ವ ಕೊಡುತ್ತವೆ. ಅಂಥವುಗಳಿಂದ ದೂರವಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಆರಂಭವಾಗಿ ಮರುವರ್ಷ ಸರ್ಕಾರದ ಮನ್ನಣೆ ಪಡೆದ ಆಸಾತ್ರೂ (ಹಳೆಯ ದೇವತೆಗಳಲ್ಲಿ ನಂಬಿಕೆ) ಸಂಘದ ಮೊದಲ ಮುಖ್ಯಸ್ಥರಾದ ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ ಕುರಿ ಸಾಕುವ ರೈತರೂ ಸಾಂಪ್ರದಾಯಿಕ ಪದ್ಯಗಳನ್ನು ಹಾಡುವ ಕವಿಯೂ ಆಗಿದ್ದರು. ಆ ಸಂಘದ ಬ್ಲೋಟ್‌ನಲ್ಲಿ ಪ್ರಾಣಿಬಲಿಯಿಲ್ಲ.

ಆಚರಣೆಯ ದಿನ ಬಯಲಿನಲ್ಲಿ ವೃತ್ತಾಕಾರವಾಗಿ ನಿಂತು, ಇದು ಯಾರಿಗಾಗಿ, ಯಾವ ಕಾರಣಕ್ಕಾಗಿ ಎಂಬುದನ್ನು ಒಬ್ಬರು ಸ್ಪಷ್ಟವಾಗಿ ಹೇಳಬೇಕು. ಬೆಂಕಿ ಹಾಕುವುದಾದರೆ ಆ ಜಾಗದಲ್ಲಿ ಅನುಮತಿ ಇದೆಯೇ ಎಂದು ಮೊದಲೇ ತಿಳಿದಿರಬೇಕು. ಕೊಂಬಿಗೆ ಜೇನಿನ ಮದ್ಯವನ್ನೋ, ಮದ್ಯ ಬೇಡದವರು ಹಣ್ಣಿನ ರಸವನ್ನೋ ಅರ್ಧದಷ್ಟು ಮಾತ್ರ ತುಂಬಬೇಕು. ಕುಡಿಯುವಾಗ ಕೊಂಬಿನ ತುದಿ ಮೇಲಕ್ಕೆ ನೆಟ್ಟಗೆ ನಿಂತರೆ ಒಳಕ್ಕೆ ಗಾಳಿ ನುಗ್ಗಿ ಪಾನೀಯವೆಲ್ಲ ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ತುದಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ನಿಧಾನವಾಗಿ ಓರೆಮಾಡಬೇಕು. ಪ್ರತಿಯೊಬ್ಬರೂ ನಾಲ್ಕು ಮಾತು ಹೇಳಿ, ಗುಟುಕು ಕುಡಿದು, ಪಕ್ಕದವರಿಗೆ ದಾಟಿಸಿದ ಮೇಲೆ ಉಳಿದದ್ದನ್ನು ನೆಲಕ್ಕೆ ಸುರಿಯಬೇಕು. ಅತಿಯಾಗಿ ಅರ್ಪಿಸುವುದಕ್ಕಿಂತ ಪ್ರಾರ್ಥಿಸದಿರುವುದೇ ಮೇಲು ಎಂದು ಎಡ್ಡಾದ ಹಾವಾಮಾಲ್ ಪದ್ಯವೇ ಹೇಳುವುದರಿಂದ ಅರ್ಪಣೆ ಸಣ್ಣದಿದ್ದರೆ ಸಂಕೋಚ ಬೇಡ. ಹೊಸಬರು ಕೊಂಬು ಹಿಡಿದು ಶಪಥ ಮಾಡುವುದನ್ನು ಕೆಲವು ಕಾಲ ಮುಂದೂಡುವುದು ವಿವೇಕ, ಏಕೆಂದರೆ ಅದಕ್ಕೆ ಅಲ್ಲಿದ್ದವರೆಲ್ಲ ಸಾಕ್ಷಿಗಳು.

ಮುಗಿದ ಮೇಲೆ ಕೊಂಬನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಾಯಿ ಕೆಳಗಾಗಿಟ್ಟು ಒಣಗಿಸಿ. ಕುದಿನೀರು ತಾಗಿದರೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ.