ಹಸಿರು ಫಂಡಿನ ಪಟ್ಟಿಯಲ್ಲಿ ಗ್ಯಾಸ್

ಶಿವಮೊಗ್ಗದಲ್ಲಿ ಮ್ಯೂಚುವಲ್ ಫಂಡ್ ಮಾಡಿಸಿಕೊಡುವ ನನ್ನ ಕೈಗೆ ಬರುವುದು ಹೆಚ್ಚಾಗಿ ಅಡಿಕೆ ದುಡ್ಡು. ರೇಟು ಏರಿದ ವರ್ಷ ಗಂಟಾಗಿ ಬರುತ್ತದೆ, ಕೊಳೆರೋಗ ಹೊಡೆದ ವರ್ಷ ತಿಂಗಳ ಕಂತಿನ ಎಸ್‌ಐಪಿ ನಿಲ್ಲುತ್ತದೆ. ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು (ನನಗೆ ಗಣಿತ ಕಲಿಸಿದವರು) ಪರಿಸರ ಹಾಳು ಮಾಡದ ಕಡೆ ಮಾತ್ರ ಹಾಕಬೇಕು ಎಂದರು. ಒಂದು ಇಎಸ್‌ಜಿ ಫಂಡಿನ (ಪರಿಸರ, ಸಮಾಜ, ಆಡಳಿತ ನೋಡಿ ಷೇರು ಆರಿಸುವಂಥದ್ದು) ಈ ತಿಂಗಳ ಷೇರು ಪಟ್ಟಿ ತೋರಿಸಿದೆ. ಅದರಲ್ಲಿ ಗ್ಯಾಸ್ ವಿದ್ಯುತ್ ಕಂಪನಿ ಕಂಡು ಅವರು ಕೇಳಿದರು, “ಅಲ್ಲ ಮಾರಾಯ, ಗ್ಯಾಸ್ ಸುಟ್ಟು ಕರೆಂಟ್ ತೆಗೆಯೋದೂ ಹಸಿರೇನೋ?”

ಇಂಥ ಪ್ರಶ್ನೆ ಬಂದಾಗ ನಾನು ಜಾಹೀರಾತು ಬದಿಗಿಟ್ಟು ಕಂಪನಿಯ ಬಿಆರ್‌ಎಸ್‌ಆರ್ (ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವಾರ್ಷಿಕ ವರದಿ) ತೆರೆಯುತ್ತೇನೆ. ದೊಡ್ಡ 1,000 ಲಿಸ್ಟೆಡ್ ಕಂಪನಿಗಳು ಇದನ್ನು ಕೊಡಲೇಬೇಕು. ಅದರ ಆರನೇ ತತ್ವದಲ್ಲಿ ಸ್ಕೋಪ್ 1 (ಕಂಪನಿಯೇ ಬಿಟ್ಟದ್ದು), ಸ್ಕೋಪ್ 2 (ಕೊಂಡ ವಿದ್ಯುತ್ತಿನದು) ಎಂದು ಹೊಗೆಯ ಲೆಕ್ಕ ಇರುತ್ತದೆ. ಗ್ಯಾಸ್ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ: ಒಳ್ಳೆಯ ಸ್ಥಾವರವಾದರೆ ಯೂನಿಟ್ಟಿಗೆ ಕಲ್ಲಿದ್ದಲಿನ ಅರ್ಧದಷ್ಟೂ ಇಂಗಾಲದ ಡೈಆಕ್ಸೈಡ್ ಬಿಡುವುದಿಲ್ಲ. ಆದರೆ ಬಾವಿ, ಪೈಪು, ಹಡಗಿನಲ್ಲಿ ಸೋರುವ ಮೀಥೇನ್ ಬರುವುದು ಸ್ಕೋಪ್ 3ಕ್ಕೆ (ಕಂಪನಿಯ ಹೊರಗೆ, ಪೂರೈಕೆಯ ದಾರಿಯಲ್ಲಿ ಆದದ್ದು), ಅದನ್ನು ಕೊಡುವುದು ಐಚ್ಛಿಕ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಹಿಡಿಯುತ್ತದೆ. ನಾವು ಸುಮಾರು ಅರ್ಧ ಗ್ಯಾಸನ್ನು ಹಡಗಿನಲ್ಲೇ ತರಿಸುವವರು. ಆ ಕಲಂ ಖಾಲಿ ಬಿಟ್ಟ ಕಂಪನಿಯನ್ನು ನಾನು ಹಸಿರು ಎಂದು ಮಾರುವುದಿಲ್ಲ.

ಯುರೋಪಿನವರು 2022ರಲ್ಲಿ ಷರತ್ತು ಹಾಕಿ ಗ್ಯಾಸನ್ನು ಹಸಿರು ಪಟ್ಟಿಗೆ ಒಪ್ಪಿದ್ದಾರಲ್ಲ ಎಂದು ಮೇಷ್ಟ್ರ ಮಗ ವಾದಿಸಿದ. ಷರತ್ತು ನೋಡಿ ಮತ್ತೆ. 2030ರೊಳಗೆ ಅನುಮತಿ ಪಡೆದ ಸ್ಥಾವರ ಬಿಡುವ ಇಂಗಾಲ ಯೂನಿಟ್ಟಿಗೆ 270 ಗ್ರಾಂ ಒಳಗಿರಬೇಕು. ಇಲ್ಲವೇ, 20 ವರ್ಷದ ಸರಾಸರಿಯಲ್ಲಿ ಪ್ರತಿ ಕಿಲೋವ್ಯಾಟ್ ಸಾಮರ್ಥ್ಯಕ್ಕೆ ವರ್ಷಕ್ಕೆ 550 ಕೆಜಿ ದಾಟಬಾರದು. ಮೇಷ್ಟ್ರು ಪೆನ್ನು ತೆಗೆದರು. ಯೂನಿಟ್ಟಿಗೆ 350 ಗ್ರಾಂ ಹಿಡಿದರೆ ವರ್ಷಕ್ಕೆ ಸುಮಾರು 1,570 ಗಂಟೆ ಮಾತ್ರ ಪೂರ್ತಿ ಓಡಿಸಬಹುದು, ವರ್ಷಕ್ಕಿರುವುದು 8,760. “ಅಂದ್ರೆ ಹೆಚ್ಚು ಓಡಿಸದಿದ್ರೆ ಹಸಿರು ಅಂತಾಯ್ತು!” ಅದರ ಮೇಲೆ, ಹಳೆಯ ಕಲ್ಲಿದ್ದಲು ಅಥವಾ ಎಣ್ಣೆಯ ಸ್ಥಾವರದ ಜಾಗಕ್ಕೇ ಬರಬೇಕು, 2035ರೊಳಗೆ ಕಡಿಮೆ ಇಂಗಾಲದ ಅನಿಲಕ್ಕೆ ಪೂರ್ತಿ ಬದಲಾಗಬೇಕು. ನಮ್ಮ ದೇಶದ ಸುಮಾರು 20,000 ಮೆಗಾವ್ಯಾಟ್ ಗ್ಯಾಸ್ ಸ್ಥಾವರಗಳಲ್ಲಿ ಬಹುಪಾಲು ಯಾವ ಷರತ್ತೂ ಇಲ್ಲದೆ ಸುಮ್ಮನೆ ನಿಂತಿರುತ್ತವೆ, ಗ್ಯಾಸ್ ದುಬಾರಿ ಅಂತ. ಅದಕ್ಕೆ ಪ್ರಶಸ್ತಿ ಕೊಡಲು ಬರುತ್ತದೆಯೇ?

ನನಗೆ ಹತ್ತಿರವಾದ ಅಳತೆ ಕೇಂದ್ರ ಸರ್ಕಾರದ ಹಸಿರು ಬಾಂಡಿನದು (ಪರಿಸರದ ಕೆಲಸಕ್ಕೆಂದು ಎತ್ತುವ ಸಾಲ). 2022ರ ಆ ಚೌಕಟ್ಟು ಪಳೆಯುಳಿಕೆ ಇಂಧನದ ವಿದ್ಯುತ್ತನ್ನು ಹೊರಗಿಟ್ಟಿದೆ. 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತನ್ನೂ. ಶರಾವತಿಯ 1,035 ಮೆಗಾವ್ಯಾಟ್ ಅಲ್ಲಿ ಲೆಕ್ಕಕ್ಕಿಲ್ಲ ಎಂದಾಗ ಮೇಷ್ಟ್ರ ಮುಖ ಅರಳಿತು. ಲಿಂಗನಮಕ್ಕಿ ತುಂಬಿದಾಗ ಎದ್ದು ಬಂದ ಮನೆತನ ಅವರದು. ಹೊಗೆ ಬಾರದ ಮಾತ್ರಕ್ಕೆ ಒಳ್ಳೆಯ ಕರೆಂಟ್ ಎಂದು ಮುಳುಗಡೆಯವರ ಎದುರು ಹೇಳುವುದು ಕಷ್ಟ.

ಷೇರುಪೇಟೆ ನಿಯಂತ್ರಿಸುವ ಸೆಬಿ 2023ರಲ್ಲಿ ಇಎಸ್‌ಜಿ ಫಂಡುಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದರಿಂದ ನನ್ನ ಕೆಲಸ ಹಗುರಾಯಿತು. ಟ್ರಾನ್ಸಿಷನ್ (ಹಸಿರಿನತ್ತ ಬದಲಾಗುತ್ತಿರುವ ಕಂಪನಿಗಳದು) ಎಂದು ಬರೆದುಕೊಂಡ ಫಂಡಿನಲ್ಲಿ ಗ್ಯಾಸ್ ಇದ್ದರೆ ತಕರಾರಿಲ್ಲ. ಮೇಷ್ಟ್ರು ಬೇಡದ ಉದ್ಯಮಗಳನ್ನು ಹೊರಗಿಡುವ ಎಕ್ಸ್‌ಕ್ಲೂಷನ್ ಬಗೆಯದಕ್ಕೆ ಸಹಿ ಹಾಕಿದರು, ಹೊರಗಿಟ್ಟವುಗಳ ಪಟ್ಟಿ ಓದಿಸಿಕೊಂಡ ಮೇಲೆ. ಮಗ ಮಾತ್ರ ಗ್ಯಾಸ್ ಇರುವ ಫಂಡನ್ನೇ ಇಟ್ಟುಕೊಂಡ. “ಸೋಲಾರ್ ಮಲಗಿದ ಮೇಲೆ ಸಂಜೆ ಏಳಕ್ಕೆ ಏನು ಹಚ್ತೀರಿ ಅಪ್ಪಯ್ಯ, ಕಲ್ಲಿದ್ದಲೇ?” ಎಂದ. ಅದಕ್ಕೆ ಮೇಷ್ಟ್ರು ಇನ್ನೂ ಉತ್ತರ ಕೊಟ್ಟಿಲ್ಲ; ನನ್ನ ಹತ್ತಿರ ಬ್ಯಾಟರಿ ಕಂಪನಿಗಳ ಪಟ್ಟಿ ಕೇಳಿದ್ದಾರೆ.