ಕಾವೇರಿಯ ಕೋಡಿ ತುದಿಯ ನಡುಗಡ್ಡೆಗಳು: ಮೈಸೂರು–ಮಂಡ್ಯದವರು ಪಿಚ್ಚಾವರಂ ನೋಡುವ ಬಗೆ

ಕಡಲಂಚಿನ ಹಿನ್ನೀರಿನ ಕಾಡಾದ ಪಿಚ್ಚಾವರಂಗೆ ಹೋಗುವವರಲ್ಲಿ ಹೆಚ್ಚಿನವರು ರಜೆ ನೋಡಿಕೊಂಡು ಹೊರಡುತ್ತಾರೆ, ಮಧ್ಯಾಹ್ನ ಹನ್ನೆರಡಕ್ಕೆ ದೋಣಿ ಹತ್ತುತ್ತಾರೆ, ಬಿಸಿಲಲ್ಲಿ ಒಂದು ಗಂಟೆ ಸುತ್ತಿ ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ಆ ಹೊತ್ತಿಗೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅಲ್ಲಿ ಯಾವ ಮರ ಎಲ್ಲಿ ನಿಲ್ಲಬೇಕು, ಯಾವ ಗಡ್ಡೆ ಮುಳುಗಬೇಕು, ದೋಣಿ ಯಾವ ಸಂದಿಗೆ ನುಗ್ಗಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಸಮುದ್ರದ ಉಬ್ಬರ-ಇಳಿತ ಮತ್ತು ಮೇಲಿನಿಂದ ಬರುವ ಸಿಹಿನೀರು. ಇವೆರಡನ್ನು ಹಿಡಿದು ಹೊರಟರೆ ಎರಡು ದಿನ ಸಾಕು.

ಮೊದಲು ಜಾಗ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ, ಚಿದಂಬರಂನಿಂದ ಪೂರ್ವಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ, ಕಿಳ್ಳೈ ಊರಿನ ಆಚೆಗೆ ಈ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ. ಉತ್ತರಕ್ಕೆ ವೆಳ್ಳಾರು ಅಳಿವೆ, ದಕ್ಷಿಣಕ್ಕೆ ಕೊಳ್ಳಿಡಂ ಅಳಿವೆ, ಪೂರ್ವಕ್ಕೆ ಉದ್ದನೆಯ ಮರಳು ದಿಣ್ಣೆ, ಅದರಾಚೆ ಬಂಗಾಳ ಕೊಲ್ಲಿ. ನಡುವೆ ಕವಲು ಕವಲಾಗಿ ಹರಿಯುವ ಹಿನ್ನೀರು ಕಾಡನ್ನು ಸಣ್ಣ ಸಣ್ಣ ನಡುಗಡ್ಡೆಗಳಾಗಿ ಕತ್ತರಿಸಿದೆ. 2022ರಲ್ಲಿ ಇದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ನಮ್ಮ ರಂಗನತಿಟ್ಟಿಗೆ ಆ ಪಟ್ಟ ಸಿಕ್ಕಿದ್ದೂ ಅದೇ ವರ್ಷ.

ಕೊಳ್ಳಿಡಂ ಅಂದರೆ ಕಾವೇರಿಯೇ. ತಿರುಚಿಯ ಹತ್ತಿರ ಮುಕ್ಕೊಂಬುವಿನಲ್ಲಿ ನದಿ ಎರಡಾಗುತ್ತದೆ, ನಡುವೆ ಶ್ರೀರಂಗಂ. ದಕ್ಷಿಣದ ಕವಲು ಕಾವೇರಿ ಎಂಬ ಹೆಸರನ್ನೇ ಇಟ್ಟುಕೊಂಡು, ತಂಜಾವೂರು ಬಯಲಿಗೆಲ್ಲ ನೀರುಣಿಸಿ, ಪೂಂಪುಹಾರಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಪ್ರವಾಹ ಬಂದರೆ ಅದನ್ನು ಹೊರುವುದು ಉತ್ತರದ ಕೊಳ್ಳಿಡಂ. ಕೆರೆಗೆ ಕೋಡಿ ಇದ್ದ ಹಾಗೆ ಕಾವೇರಿಗೆ ಇದು. ಹೀಗಾಗಿ ಕೆಆರ್‌ಎಸ್, ಕಬಿನಿ ತುಂಬಿ, ಕೆಳಗೆ 1934ರ ಮೆಟ್ಟೂರು ಅಣೆಕಟ್ಟೂ ತುಂಬಿದ ವರ್ಷ ಕೊಳ್ಳಿಡಂ ಕಡೆಗೆ ನೀರು ಧಾರಾಳ. ಬರದ ವರ್ಷ ಅಲ್ಲಿಗೆ ಹೆಚ್ಚುವರಿ ನೀರೆಂಬುದೇ ಇರುವುದಿಲ್ಲ, ಹಿನ್ನೀರು ಉಪ್ಪಾಗುತ್ತದೆ. ಕಾಡಿಗೆ ಪಶ್ಚಿಮದಿಂದ ಖಾನ್ ಸಾಹಿಬ್ ಕಾಲುವೆಯ ಬಸಿನೀರೂ ಸೇರುತ್ತದೆ. ಗದ್ದೆಗೆ ಹರಿದು ಉಳಿದದ್ದು ಅದು.

ತಿಂಗಳು, ತಿಥಿ, ಗಂಟೆ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಜೋರು. ವಾಯುಭಾರ ಕುಸಿತದ ಸುದ್ದಿ ಬಂದರೆ ದೋಣಿ ನಿಲ್ಲಿಸುತ್ತಾರೆ, ರೈಲು ಬುಕ್ ಮಾಡಿದ್ದು ದಂಡ. ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ಹೋಗುವುದು ಒಳ್ಳೆಯದು: ಮಳೆ ಮುಗಿದಿರುತ್ತದೆ, ವಲಸೆ ಹಕ್ಕಿಗಳು ಇನ್ನೂ ಇರುತ್ತವೆ. ಏಪ್ರಿಲ್ ನಂತರ ಧಗೆ. ಆದರೆ ಉಪ್ಪಿನ ಲೆಕ್ಕ ನೋಡಬೇಕೆಂದಿರುವವರು ಮೇ ತಿಂಗಳಲ್ಲೇ ಹೋಗಬೇಕು, ಉಪ್ಪು ಹೆಚ್ಚುವುದು ಆಗಲೇ.

ತಿಥಿಗೆ ಕ್ಯಾಲೆಂಡರ್ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಎರಡು-ಮೂರು ದಿನ ಉಬ್ಬರ ಇಳಿತಗಳ ಅಂತರ ದೊಡ್ಡದು, ಅಷ್ಟಮಿಯ ಸುತ್ತ ಚಿಕ್ಕದು. ಈ ಕರಾವಳಿಯಲ್ಲಿ ಒಟ್ಟು ಅಂತರವೇ ಒಂದು ಮೀಟರಿನ ಒಳಗೆ. ಅಷ್ಟಮಿಯಂದು ಹೋದವರಿಗೆ ವ್ಯತ್ಯಾಸ ಕಣ್ಣಿಗೇ ಬೀಳದಿರಬಹುದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ 6ಕ್ಕೆ ತುಂಬು ಉಬ್ಬರವಾದರೆ 12.10ರ ಹೊತ್ತಿಗೆ ಇಳಿತ, ಸಂಜೆ 6.25ಕ್ಕೆ ಮತ್ತೆ ಉಬ್ಬರ, ನಾಳೆ ಬೆಳಿಗ್ಗೆ 6.50ಕ್ಕೆ. ಕಡಲೂರು ಅಥವಾ ನಾಗಪಟ್ಟಣಂನ ಉಬ್ಬರ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ.

ಅದನ್ನು ನಂಬಿಕೊಂಡು ಕುಳಿತರೆ ಕೆಡುತ್ತದೆ, ಯಾಕೆಂದರೆ ಆ ಪಟ್ಟಿ ತೆರೆದ ಸಮುದ್ರದ ಬಂದರಿನದು. ಹಿನ್ನೀರು ಸಮುದ್ರಕ್ಕೆ ತೆರೆದುಕೊಳ್ಳುವ ಚಿನ್ನವಾಯ್ಕಾಲ್ ಬಾಯಿಯಿಂದ ಒಳನುಗ್ಗಿದ ನೀರು ತಿರುವು ತಿರುವಿನಲ್ಲಿ ತಡೆದು ಒಳಗೆ ಮುಟ್ಟುವಾಗ ತಡವಾಗಿರುತ್ತದೆ, ಎತ್ತರವೂ ಕುಗ್ಗಿರುತ್ತದೆ. ಎಷ್ಟು ತಡ ಎಂಬುದನ್ನು ಅಳೆದುಕೊಳ್ಳಿ. ದೋಣಿಕಟ್ಟೆಯ ಒಂದು ಕಂಬ ಆರಿಸಿ, ನೀರು ಮುಟ್ಟುವ ಗೆರೆಯಿಂದ ಕಂಬದ ಮೇಲ್ತುದಿಯವರೆಗೆ ಟೇಪು ಹಿಡಿದು ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಮೊದಲ ದಿನ ಮಧ್ಯಾಹ್ನ ತಲುಪಿದವರು ಸಂಜೆಯವರೆಗೆ ಇದನ್ನು ಮಾಡಿದರೆ, ಮರುದಿನದ ಬೆಳಗಿನ ಲೆಕ್ಕ ಕೈಯಲ್ಲಿರುತ್ತದೆ. ಅಳತೆ ಸ್ವಲ್ಪ ಹೊತ್ತು ಬದಲಾಗದೆ ನಿಂತಾಗ ಅದು ತುಂಬು ಅಥವಾ ತಳ.

ತಲುಪುವುದು

ಮೈಸೂರಿನಿಂದ ಮಯಿಲಾಡುತುರೈ ಮಾರ್ಗದ ರಾತ್ರಿ ರೈಲು ಮಂಡ್ಯದಲ್ಲೂ ನಿಲ್ಲುತ್ತದೆ. ಬೆಂಗಳೂರು, ಸೇಲಂ, ಈರೋಡ್, ಕರೂರು, ತಿರುಚಿ, ತಂಜಾವೂರು, ಕುಂಭಕೋಣಂ ಹಾದು ಹೋಗುತ್ತದೆ. ಟಿಕೆಟ್ ಹುಡುಕುವಾಗ ಮೊದಲು ಚಿದಂಬರಂ ಹಾಕಿ ನೋಡಿ, ಸಿಗದಿದ್ದರೆ ಮಯಿಲಾಡುತುರೈಗೆ ತೆಗೆದು ಅಲ್ಲಿಂದ ಬಸ್ಸು ಹಿಡಿಯಿರಿ. ಈ ದಾರಿಯನ್ನೇ ಹೇಳುವುದಕ್ಕೆ ಕಾರಣವಿದೆ. ಹೊರಟ ಸ್ವಲ್ಪ ಹೊತ್ತಿಗೇ ಶ್ರೀರಂಗಪಟ್ಟಣದ ಎರಡು ಬದಿಯ ಹೊಳೆ ದಾಟುತ್ತೀರಿ, ಚಿದಂಬರಂಗೆ ಮೊದಲು ಕೊಳ್ಳಿಡಂ ಸೇತುವೆ ದಾಟುತ್ತೀರಿ: ಒಂದೇ ನದಿಯ ಬಂಡೆಯ ಪಾತ್ರವೂ ಮೆಕ್ಕಲಿನ ಪಾತ್ರವೂ ಒಂದೇ ಪ್ರಯಾಣದಲ್ಲಿ. ಕಾರಿನಲ್ಲಾದರೆ ಇಡೀ ದಿನ ಬೇಕು. ಚಾಮರಾಜನಗರದ ಕಡೆಯಿಂದ ಹೋಗುವವರಿಗೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿರ್ಬಂಧವಿದೆ. ಉಳಿಯುವುದಕ್ಕೆ ಚಿದಂಬರಂ ಅನುಕೂಲ. ಕಿಳ್ಳೈ ಮೇಲೆ ಪಿಚ್ಚಾವರಂಗೆ ಊರ ಬಸ್ಸುಗಳಿವೆ.

ದೋಣಿ, ಮರ, ಕೆಸರು

ಮೋಟಾರು ದೋಣಿ ಅಗಲ ಕವಲುಗಳಲ್ಲಿ ಮಾತ್ರ ಹೋಗುತ್ತದೆ, ಸದ್ದಿಗೆ ಹಕ್ಕಿಗಳು ಏಳುತ್ತವೆ. ಹುಟ್ಟು ಹಾಕುವ ದೋಣಿಯನ್ನೇ ಕೇಳಿ. ಕೊಂಬೆಗಳು ತಲೆ ಮೇಲೆ ಕೂಡಿಕೊಂಡ ಸಣ್ಣ ಸಂದಿಗಳಿಗೆ ಅದು ನುಗ್ಗುತ್ತದೆ, ಆದರೆ ನೀರಿದ್ದರೆ ಮಾತ್ರ. ಪೂರ್ತಿ ಇಳಿದಾಗ ತಳ ಕೆಸರಿಗೆ ತಗುಲುತ್ತದೆ, ಪೂರ್ತಿ ತುಂಬಿದಾಗ ಕೊಂಬೆ ಮುಖಕ್ಕೆ ಬಡಿಯುತ್ತದೆ. ಒಂದೇ ಸವಾರಿ ಸಾಕೆನ್ನುವವರು ಉಬ್ಬರಕ್ಕೆ ಎರಡು ಗಂಟೆ ಮೊದಲು ಹತ್ತಲಿ. ಸಾಧ್ಯವಾದರೆ ಎರಡು ಸಲ ಹೋಗಿ, ಒಂದು ಇಳಿತಕ್ಕೆ, ಒಂದು ಉಬ್ಬರಕ್ಕೆ, ಅದೇ ಜಾಗದಲ್ಲಿ. ಬೇರು, ಏಡಿ, ಕೆಸರಲ್ಲಿ ಕುಪ್ಪಳಿಸುವ ಮೀನು ಎಲ್ಲ ಇಳಿತದಲ್ಲೇ ಕಾಣುವುದು. ಲೈಫ್ ಜಾಕೆಟ್ ಬಿಚ್ಚಬೇಡಿ. ದಡಕ್ಕೆ ಇಳಿಯಬೇಡಿ: ಕಾಲು ಮೊಣಕಾಲಿನವರೆಗೆ ಹೂತರೆ ಎಳೆಯುವವರಿಗೂ ನಿಲ್ಲಲು ಗಟ್ಟಿ ನೆಲವಿರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೂಗು ಮುಚ್ಚಿ ‘ಗಲೀಜು’ ಅನ್ನಬೇಕಿಲ್ಲ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತಿರುತ್ತವೆ.

ಮೂರು ಮರ ಗುರುತಿಸಲು ಕಲಿತರೆ ಕಾಡಿನ ಅರ್ಧ ಓದಿದ ಹಾಗೆ. ಕವಲಿನ ಅಂಚಿಗೆ, ನೀರಿಗೇ ಕಾಲಿಟ್ಟು, ಕಮಾನು ಬೇರುಗಳ ಮೇಲೆ ಎತ್ತಿ ನಿಲ್ಲಿಸಿದ ಹಾಗಿರುವುದು ರೈಜೋಫೊರಾ. ಅಲ್ಲಿನವರು ಸುರಪುನ್ನೈ ಅನ್ನುತ್ತಾರೆ. ಕೊಂಬೆಯಲ್ಲೇ ಮೊಳೆತು ನೇತಾಡುವ ಹಸಿರು ಕೋಲುಗಳನ್ನು ನೋಡಿ. ಗೇಣುದ್ದ, ಅದಕ್ಕಿಂತ ತುಸು ಹೆಚ್ಚಿದ್ದರೆ ಸಾಮಾನ್ಯವಾಗಿ ಅಪಿಕ್ಯುಲೇಟಾ ಎಂಬ ಜಾತಿ. ಮೊಳದ ಹತ್ತಿರ ಬಂದರೆ ಮ್ಯುಕ್ರೊನೇಟಾ. ಈ ಅಂಚು ತೆಳು ಪಟ್ಟಿ ಮಾತ್ರ. ಅದರ ಹಿಂದೆ ಕಾಡಿನ ಬಹುಪಾಲನ್ನು ತುಂಬಿರುವುದು ಅವಿಸೆನ್ನಿಯಾ, ನಮ್ಮ ಉತ್ತರ ಕನ್ನಡ, ಉಡುಪಿ ಹಿನ್ನೀರಿನವರ ಉಪ್ಪಟ್ಟಿ. ಇದರ ಬುಡದ ಸುತ್ತ ಕೆಸರಿನಿಂದ ಪೆನ್ಸಿಲ್ ಗಾತ್ರದ ಉಸಿರು ಬೇರುಗಳು ಸಾವಿರಗಟ್ಟಲೆ ಎದ್ದಿರುತ್ತವೆ. ಎಲೆಯನ್ನು ಕೀಳದೆ ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಮಳೆ ಬಂದು ಒಂದೆರಡು ದಿನ ಕಳೆದಿರಬೇಕು, ಇಲ್ಲದಿದ್ದರೆ ತೊಳೆದುಹೋಗಿರುತ್ತದೆ. ರೈಜೋಫೊರಾ ಎಲೆಯಲ್ಲಿ ಈ ಉಪ್ಪು ಸಿಗದು: ಅದು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ, ಅವಿಸೆನ್ನಿಯಾ ಒಂದಷ್ಟನ್ನು ಒಳಬಿಟ್ಟುಕೊಂಡು ಎಲೆಯಿಂದ ಹೊರಹಾಕುತ್ತದೆ. ಹೆಚ್ಚು ಉಪ್ಪಿನ ಒಳನೆಲದಲ್ಲಿ ಇದು ಬಾಳುವುದಕ್ಕೆ ಈ ಗುಣ ದೊಡ್ಡ ಆಸರೆ. ಮೂರನೆಯದು ತಿಲ್ಲೈ, ಅಂದರೆ ಎಕ್ಸೊಕೇರಿಯಾ. ಚಿದಂಬರಂನ ಹಳೆಯ ಹೆಸರು ಇದರಿಂದಲೇ. ಕೊಂಬೆ ಮುರಿದರೆ ಬಿಳಿ ಹಾಲು ಬರುತ್ತದೆ, ಕಣ್ಣಿಗೆ ತಗುಲಿದರೆ ಅಪಾಯ. ಮಕ್ಕಳಿದ್ದರೆ ದೋಣಿ ಹತ್ತುವ ಮೊದಲೇ ಹೇಳಿಬಿಡಿ.

ಕಡಿದದ್ದು, ಕಟ್ಟಿದ್ದು

ನೋಡುವವರಿಗೆ ಪಿಚ್ಚಾವರಂ ಮನುಷ್ಯರು ಮುಟ್ಟದ ಕಾಡಿನ ಹಾಗೆ ಕಾಣುತ್ತದೆ. ಹಾಗೇನಿಲ್ಲ. ಬ್ರಿಟಿಷರ ಕಾಲದಿಂದ 1970ರ ದಶಕದವರೆಗೆ ಇಲ್ಲಿ ಕೂಪು ಹಾಕಿ, ಸರದಿಯ ಮೇಲೆ ತುಂಡು ತುಂಡಾಗಿ ಬೋಳಿಸಿದ್ದಾರೆ. ನೆರಳು ಹೋದ ಕೆಸರು ಬಿಸಿಲಿಗೆ ಒಣಗಿ ಕುಸಿದು ತಟ್ಟೆಯಂತೆ ತಗ್ಗಾಯಿತು. ದೊಡ್ಡ ಉಬ್ಬರಕ್ಕೆ ಒಳಬಂದ ನೀರು ಇಳಿತಕ್ಕೆ ಹೊರಹೋಗಲಾರದೆ ನಿಂತು ಆವಿಯಾಗಿ, ಮಣ್ಣಿನ ಉಪ್ಪು ಸಮುದ್ರದ್ದಕ್ಕಿಂತ ಹೆಚ್ಚಾಯಿತು. ಬಿದ್ದ ಬೀಜ ಚಿಗುರಲಿಲ್ಲ. ಮಂಡ್ಯದ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನಲ್ಲಿ ಬಸಿಗಾಲುವೆ ಇಲ್ಲದ ತಗ್ಗು ಗದ್ದೆ ಚೌಳಾಗುವುದೂ ಇದೇ ಲೆಕ್ಕದಲ್ಲಿ: ನೀರು ಬರುವ ದಾರಿಯಿದ್ದು ಹೋಗುವ ದಾರಿ ಇಲ್ಲದಿದ್ದರೆ ಉಪ್ಪು ಉಳಿಯುತ್ತದೆ. ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮದ್ದೂ ಅದೇ ಜಾತಿಯದು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ, ಅರಣ್ಯ ಇಲಾಖೆ ಮತ್ತು ಊರವರು ಸೇರಿ ಕಾಲುವೆ ತೋಡಿದರು: ನಡುವೆ ಹೊಳೆಕವಲಿಗೆ ಸೇರುವ ಮುಖ್ಯ ಕಾಲುವೆ, ಅದಕ್ಕೆ ಎರಡು ಕಡೆಯಿಂದ ಓರೆಯಾಗಿ ಕೂಡುವ ಮರಿಗಾಲುವೆಗಳು, ಮೀನಿನ ಮುಳ್ಳಿನ ಆಕಾರದಲ್ಲಿ. ಉಬ್ಬರ ಬಂದು ತೊಳೆದು ಇಳಿತಕ್ಕೆ ವಾಪಸಾಗತೊಡಗಿದ ಮೇಲೆ ಗಿಡ ನಿಂತಿತು. ಆದರೆ ಇಂಥ ಕಾಲುವೆಗೆ ಹೂಳು ತುಂಬುತ್ತದೆ. ತೆಗೆಯದೆ ಬಿಟ್ಟರೆ ಮತ್ತೆ ಮೊದಲಿನ ಕಥೆ. ಉಪಗ್ರಹ ಚಿತ್ರದಲ್ಲಿ ನೇರ ಗೆರೆಗಳ ಮುಳ್ಳಿನ ವಿನ್ಯಾಸ ಕಂಡರೆ ಅದು ತೋಡಿದ್ದು. ಸಹಜ ಕವಲು ಎಂದೂ ಅಷ್ಟು ನೇರ ಇರುವುದಿಲ್ಲ.

ಉಪ್ಪು ಅಳೆಯಬೇಕೆ? ಮನೆಯ ಆರ್‌ಒ ನೀರು ನೋಡುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ ಅಳೆಯುವ) ಪೆನ್ನು ಸಾಕು, ಆದರೆ ನೇರ ಅದ್ದಬೇಡಿ. ಸಾಮಾನ್ಯ ಪೆನ್ನುಗಳ ಮಿತಿ ಲೀಟರಿಗೆ 9,990 ಮಿ.ಗ್ರಾಂ., ಸಮುದ್ರದ ನೀರಿನ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ ಅಂದರೆ 35,000 ಮಿ.ಗ್ರಾಂ. ಅದ್ದಿದರೆ ಅದು ಎರರ್ ತೋರಿಸಿ ಸುಮ್ಮನಾಗುತ್ತದೆ. ಸಿರಿಂಜಿನಲ್ಲಿ 10 ಮಿ.ಲೀ. ತೆಗೆದು 90 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಬೆರೆಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಪೆನ್ನು ವಿದ್ಯುತ್ ವಾಹಕತೆಯಿಂದ ಅಂದಾಜಿಸುವುದರಿಂದ ಅಂಕಿ ಕರಾರುವಾಕ್ಕಾಗಿ ಇರುವುದಿಲ್ಲ. ಒಂದು ಜಾಗಕ್ಕೂ ಇನ್ನೊಂದಕ್ಕೂ ಹೋಲಿಸಲು ಸಾಕು. ಮರಳು ದಿಣ್ಣೆಯ ಹತ್ತಿರ, ಕಾಡಿನ ನಡುವೆ, ದೋಣಿಕಟ್ಟೆಯಲ್ಲಿ, ಹೀಗೆ ಮೂರು ಮಾದರಿ ತೆಗೆಯಿರಿ. ಬಾಟಲಿಯ ಮೇಲೆ ಗಂಟೆ ಬರೆಯುವುದನ್ನು ಮರೆತರೆ ಉಬ್ಬರದ ನೀರೋ ಇಳಿತದ್ದೋ ತಿಳಿಯದೆ ಅಂಕಿ ವ್ಯರ್ಥ.

ಎಷ್ಟು ನಡುಗಡ್ಡೆ?

51 ಅನ್ನುವುದು ರೂಢಿ. ನೀವೇ ಎಣಿಸಿದರೆ ಬೇರೆ ಬರುತ್ತದೆ. ಗೂಗಲ್ ಅರ್ಥ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಹಳೆಯ ಚಿತ್ರಗಳ ಪಟ್ಟಿ ತೆರೆದು, ಒಂದೇ ಎತ್ತರದಿಂದ ಮೂರು-ನಾಲ್ಕು ವರ್ಷಗಳ ಚಿತ್ರ ನೋಡಿ. ಉಬ್ಬರದಲ್ಲಿ ತೆಗೆದದ್ದರಲ್ಲಿ ಎರಡಾಗಿ ಕಾಣುವ ಗಡ್ಡೆ, ಇಳಿತದ ಚಿತ್ರದಲ್ಲಿ ಒಂದೇ. ಮರದ ಹೊದಿಕೆಯ ಅಂಚನ್ನು ಗಡಿಯಾಗಿ ಇಟ್ಟುಕೊಂಡರೆ ಲೆಕ್ಕ ಸ್ವಲ್ಪ ನಿಲ್ಲುತ್ತದೆ, ನೀರಿನ ಅಂಚು ನಂಬಿದರೆ ಇಲ್ಲ. ಮರಳು ದಿಣ್ಣೆಯಂತೂ ಜಾಗ ಬದಲಿಸುತ್ತಲೇ ಇರುತ್ತದೆ. ನದಿಯ ಮೇಲ್ಗಡೆ ರಂಗನತಿಟ್ಟಿನ ಗಡ್ಡೆಗಳು 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಅಣೆಯಿಂದ ರೂಪಗೊಂಡು ಬಂಡೆ ಕಚ್ಚಿ ನಿಂತಿವೆ. ಇಲ್ಲಿ ಕಾಲೂರಲು ಬಂಡೆಯೇ ಇಲ್ಲ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಾಡಿನ ಹಿಂದಿದ್ದ ಊರುಗಳಿಗೆ ಹಾನಿ ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ದೂರ ಮತ್ತು ನೆಲದ ಎತ್ತರ ಎಷ್ಟು ಕಾಪಾಡಿತು, ಮರ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಕಾಡು ಅಲೆಯ ಹೊಡೆತ ತಗ್ಗಿಸುತ್ತದೆ, ಗೋಡೆಯ ಕೆಲಸ ಮಾಡುವುದಿಲ್ಲ ಎಂದಷ್ಟೇ ಇಟ್ಟುಕೊಂಡರೆ ತಪ್ಪಾಗದು.

ಉಳಿದ ಅರ್ಧ ದಿನ

ಅದನ್ನು ಪರಂಗಿಪೇಟ್ಟೈಗೆ ಇಡಿ. ವೆಳ್ಳಾರು ಬಾಯಿಯ ಈ ಊರು ಪೋರ್ಚುಗೀಸರ ಪೋರ್ಟೊ ನೋವೊ. ಅಣ್ಣಾಮಲೈ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ಕೇಂದ್ರವೂ ಇಲ್ಲೇ. 1781ರ ಜೂನ್‌ನಲ್ಲಿ ಇಂಗ್ಲಿಷರ ಸೇನಾಪತಿ ಐರ್ ಕೂಟ್, ಹೈದರಾಲಿಯ ಕಡೆಯವರು ಕೋಟೆ ಮಾಡಿಕೊಂಡಿದ್ದ ಚಿದಂಬರಂ ದೇವಸ್ಥಾನದ ಮೇಲೆ ಬಿದ್ದು ಸೋತು ಹಿಮ್ಮೆಟ್ಟಿದ. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರನೇ ಸೋತ. ಕೂಟ್‌ನ ಪಡೆ ಮರಳು ದಿಬ್ಬಗಳ ನಡುವಿನ ಸಂದಿಯಿಂದ ನುಗ್ಗಿತು, ಕಡಲ ಕಡೆಯಿಂದ ಹಡಗಿನ ಫಿರಂಗಿ ನೆರವಾಯಿತು. ಅದಕ್ಕೂ ಮೊದಲು, 1749ರಲ್ಲಿ, ಕೊಳ್ಳಿಡಂ ಬಾಯಿಯ ದೇವಿಕೋಟೆಯನ್ನು ಇಂಗ್ಲಿಷರು ತಂಜಾವೂರಿನಿಂದ ಕಿತ್ತುಕೊಂಡಿದ್ದರು. ಕಾಡಿನ ಎರಡು ತುದಿಯ ಅಳಿವೆ ಯಾರ ಕೈಯಲ್ಲಿದೆಯೋ ಒಳನಾಡಿಗೆ ದೋಣಿ, ಸರಕು ಅವರದು ಎಂಬ ಲೆಕ್ಕವೂ ಈ ಜಗಳಗಳ ಹಿಂದೆ ಇದ್ದಿರಬಹುದು. ದಿಬ್ಬದ ಸಾಲು ನೋಡಬೇಕಾದರೆ ಸಂಜೆ ನಾಲ್ಕರ ನಂತರ ಕಡಲತೀರದ ಉದ್ದಕ್ಕೆ ನಡೆಯಿರಿ, ಓರೆ ಬಿಸಿಲಿಗೆ ಏರಿಳಿತ ಎದ್ದು ಕಾಣುತ್ತದೆ. ಚಿದಂಬರಂಗೆ ವಾಪಸ್ ಬಸ್ಸಿನ ಹೊತ್ತು ಇಳಿದಾಗಲೇ ಕೇಳಿಟ್ಟುಕೊಳ್ಳಿ.