ಹೊಟ್ಟಿನ ಬೂದಿಯಿಂದ ಫ್ಯೂಯೆಲ್ ಸೆಲ್ ಮೆಂಬ್ರೇನ್: ನನ್ನ ಅನುಭವ

"ಬೂದಿ ಪಾತ್ರೆ ತಿಕ್ಕೋಕೆ ಸರಿ, ಮೆಂಬ್ರೇನ್‌ಗೆ ಅಲ್ಲ" ಅಂತ ನಕ್ಕವರೇ ಜಾಸ್ತಿ. ಮೆಂಬ್ರೇನ್ ಅಂದರೆ, ಇಂಧನದಿಂದ ನೇರವಾಗಿ ಕರೆಂಟ್ ಮಾಡುವ ಫ್ಯೂಯೆಲ್ ಸೆಲ್ ನಡುವೆ ಕೂರುವ, ಪ್ರೋಟಾನ್ ದಾಟಿಸುವ ತೆಳು ಫಿಲಂ. ಅದಕ್ಕೆ ನಾನು ಬೆರೆಸಿದ್ದು ಭತ್ತದ ಹೊಟ್ಟಿನ ಬೂದಿಯಿಂದ ತೆಗೆದ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು. ಈಗ ತುಮಕೂರಿನ ನಮ್ಮ ಶೆಡ್‌ನಲ್ಲಿ ಅದೇ ಫಿಲಂ ಕೂರಿಸಿದ ಸೆಲ್ 0.92 ವೋಲ್ಟ್ ಆಸುಪಾಸು ತೋರಿಸುತ್ತಿದೆ, ಲೋಡ್ ಇಲ್ಲದಾಗ. ನಕ್ಕವರಲ್ಲಿ ಇಬ್ಬರು ಸ್ಯಾಂಪಲ್ ಕೇಳಿದ್ದಾರೆ.

ಎಲ್ಲರೂ ಕೊಂಡು ಬಳಸುವ ರೆಡಿಮೇಡ್ ಮೆಂಬ್ರೇನ್ ನಾಫಿಯಾನ್ ಯಾಕೆ ಬೇಡ ಅಂದರೆ ದುಡ್ಡು. ಅದರ 117 ಅನ್ನೋ ಮಾದರಿಯ ಅಂಗೈ ಅಗಲದ ತುಂಡಿಗೆ ಮೂರ್ನಾಲ್ಕು ಸಾವಿರ ಕೊಟ್ಟ ನೆನಪು. ಹಾಗಾಗಿ ಪೀಕ್ (PEEK) ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಪುಡಿ ತಂದು ಸಲ್ಫೋನೇಟ್ ಮಾಡಿದೆ, ಅಂದರೆ ಗಂಧಕಾಮ್ಲದಲ್ಲಿ ಕರಗಿಸಿ ಅದಕ್ಕೆ ಪ್ರೋಟಾನ್ ದಾಟಿಸುವ ಸಲ್ಫೋನಿಕ್ ಗುಂಪುಗಳನ್ನು ಅಂಟಿಸಿದೆ. 50 ಡಿಗ್ರಿಯಲ್ಲಿ ನಾಲ್ಕು ಗಂಟೆ ದಾಟಿಸಬೇಡಿ, ಅಷ್ಟೇ. ದಾಟಿದ ಬ್ಯಾಚ್ ಬಿಸಿನೀರಲ್ಲಿ ಊದಿಕೊಂಡು ಲೋಳೆಯಾಯಿತು. ಆ ಬ್ಯಾಚಿನ ಪುಡಿ, ಆಸಿಡ್, ಸಾಲ್ವೆಂಟ್ ಎಲ್ಲಾ ಸೇರಿ ಎರಡು ಸಾವಿರ ಹೋಯಿತು.

ಊದುವುದನ್ನು ಹಿಡಿಯೋಕೆ ಸಿಲಿಕಾ ಬೇಕು. ಸಿಲಿಕಾ ಮಾಡಲು ಬಳಸುವ ಟಿಇಓಎಸ್ ದ್ರವದ ಬಾಟಲಿಗೆ ಮತ್ತೆ ದುಡ್ಡು ಸುರಿಯೋ ಬದಲು ರೈಸ್ ಮಿಲ್ ಬಾಯ್ಲರಿನ ಬೂದಿ ತಂದೆ. ಒಂದು ಚೀಲ, ಪುಕ್ಕಟೆ. ಆದರೆ ಅದು ಕಪ್ಪಗಿರುತ್ತೆ, ಅಂದರೆ ಒಳಗೆ ಕಾರ್ಬನ್ ಇದೆ. ಅದು ಫಿಲಂ ಒಳಗೆ ಉಳಿದರೆ ಶಾರ್ಟ್ ಆಗುವ ಭಯ. ಮೊದಲು ಆಸಿಡ್‌ನಲ್ಲಿ ಕುದಿಸಿ, 600 ಡಿಗ್ರಿಯಲ್ಲಿ ಬೆಳ್ಳಗಾಗುವವರೆಗೆ ಸುಟ್ಟು, ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಮತ್ತೆ ಆಸಿಡ್ ಹಾಕಿ ಸಿಲಿಕಾವನ್ನು ತಳಕ್ಕೆ ಇಳಿಸಬೇಕು. 800ಕ್ಕೆ ಏರಿಸಿದರೆ ಸಿಲಿಕಾ ಹರಳುಗಟ್ಟುತ್ತೆ, ಆಮೇಲೆ ಸೋಡಾದಲ್ಲಿ ಕರಗೋಕೆ ಒಪ್ಪಲ್ಲ. ಆಸಿಡ್ ತೊಳೆತ ಬಿಡಲೇಬೇಡಿ. ಬೂದಿಯ ಕಬ್ಬಿಣ ಸ್ವಲ್ಪ ಉಳಿದರೂ ಸೆಲ್ ಓಡುವಾಗ ಹುಟ್ಟುವ ಪೆರಾಕ್ಸೈಡ್ ಜೊತೆ ಸೇರಿ ಪಾಲಿಮರನ್ನೇ ತಿನ್ನುತ್ತೆ.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ. ಬೋರ್ ನೀರು ಹತ್ತಿರ ತರಬೇಡಿ. ಅದರ ಕ್ಯಾಲ್ಸಿಯಂ ಸಲ್ಫೋನಿಕ್ ಗುಂಪುಗಳನ್ನು ಹಿಡಿದುಕೊಂಡರೆ ಪ್ರೋಟಾನ್‌ಗೆ ಜಾಗವೇ ಇಲ್ಲ. ಡಿಸ್ಟಿಲ್ಡ್ ನೀರಿಗೆ ತಿಂಗಳಿಗೆ ಎಂಟುನೂರು ಹೋದರೂ ಪರವಾಗಿಲ್ಲ.

ಸಿಲಿಕಾ 10% ಹಾಕಿದ ಫಿಲಂ ಹಪ್ಪಳದ ಹಾಗೆ ಮುರಿಯಿತು. 5%ಗೆ ಇಳಿಸಿದಾಗ ಮಡಚಿದರೂ ಬಿರುಕಿಲ್ಲ. ಆದರೂ ಪಾಲಿಮರ್ ದ್ರಾವಣವನ್ನು ಗಾಜಿನ ಮೇಲೆ ಹರಡಿ ಒಣಗಿಸುವಾಗ ಸಿಲಿಕಾ ಕಣಗಳು ತಳಕ್ಕೆ ಕೂತು ಒಂದು ಮೈ ಬೆಳ್ಳಗೆ, ಇನ್ನೊಂದು ಮೈ ತಿಳಿಯಾಗುತ್ತಿತ್ತು. ದ್ರಾವಣ ಗಟ್ಟಿ ಮಾಡಿದ್ದರಿಂದ ಅರ್ಧ ಸರಿಹೋಯಿತು. ಉಳಿದ ಅರ್ಧ ಸರಿಹೋಗಿದ್ದು ಸಿಲಿಕಾಕ್ಕೆ ಮೊದಲೇ ಕೊಟ್ಟ ಒಂದು ಸ್ನಾನದಿಂದ. ಅದರ ರೆಸಿಪಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ಬೇರೆ ಕಾಟ. ಸಾಲ್ವೆಂಟ್ ಹಾರುವ ಮುಂಚೆ ತೇವದ ಗಾಳಿ ಒಳಹೊಕ್ಕು ಫಿಲಂ ಮಂಜಾಗುತ್ತೆ. ರಾತ್ರಿ ಕರೆಂಟ್ ಹೋದರಂತೂ ಓವನ್ ಆರಿ ಬೆಳಗ್ಗೆ ಎಲ್ಲಾ ಹಾಳು. ಯುಪಿಎಸ್ ಹಾಕಿಸಿದ್ದೇ ಇಡೀ ಕೆಲಸದ ದೊಡ್ಡ ಖರ್ಚು. ಮನೆಯಲ್ಲಿ ಇನ್ನೂ ಲೆಕ್ಕ ಕೇಳುತ್ತಾರೆ.

ನಡುವೆ ಪೀಕ್ ಬದಲು ಪಿವಿಎ ಅನ್ನೋ ಇನ್ನೊಂದು ಪಾಲಿಮರಿಗೆ, ಅದರ ಎಳೆಗಳನ್ನು ಹೆಣೆಯುವ ಗ್ಲುಟರಾಲ್ಡಿಹೈಡ್ ಹಾಕಿಯೂ ನೋಡಿದೆ. ಅಗ್ಗ, ಚೆಂದ, ಆದರೆ ಬಿಸಿಯಾದರೆ ಸುಸ್ತು. ಬಿಟ್ಟೆ.

ಸ್ನೇಹಿತರ ಲ್ಯಾಬ್‌ನಲ್ಲಿ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಅಳೆಸಿದಾಗ ಪ್ರೋಟಾನ್ ವಾಹಕತೆ ನಾಫಿಯಾನ್‌ನ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ನಮ್ಮ ಫಿಲಂ 60-70 ಮೈಕ್ರಾನ್, ನಾಫಿಯಾನ್ 117 ಸುಮಾರು 180. ತೆಳುವಾದಷ್ಟೂ ಪ್ರೋಟಾನ್‌ಗೆ ದಾರಿ ಹತ್ತಿರ, ಆದ್ದರಿಂದ ಸೆಲ್‌ನಲ್ಲಿ ಅಂತರ ಕಾಣಲ್ಲ. ಹೀಗೆ ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಸದ್ಯದ ತಲೆನೋವು ಫಿಲಂಗೆ ಅಂಟಿಸುವ ಎಲೆಕ್ಟ್ರೋಡ್. ಅದರ ಬೈಂಡರ್, ಅಂದರೆ ಅದನ್ನು ಹಿಡಿದಿಡುವ ಅಂಟು, ನಾಫಿಯಾನ್; ನನ್ನ ಫಿಲಂ ಬೇರೆ ಜಾತಿ. ಎರಡೂ ಒಂದೇ ಅಳತೆಗೆ ಊದುವುದಿಲ್ಲ, ನೆಂದು ಒಣಗಿ ನೆಂದು ಒಣಗಿ ಅಂಚಿಂದ ಬಿಟ್ಟುಕೊಳ್ಳುತ್ತವೆ. ಈಗ ಬೈಂಡರಿಗೂ ನನ್ನ ಪಾಲಿಮರನ್ನೇ ಬೆರೆಸಿ ನೋಡುತ್ತಿದ್ದೇನೆ.